ನೌಕರಿ ಉಳಿದವರಿಗೆ ಒಂದು ಮಾತು

ಕಮಲನಗರ, ಔರಾದ, ಭಾಲ್ಕಿ ಕಡೆಯ ನಮ್ಮ ಹುಡುಗ-ಹುಡುಗಿಯರು ಇವತ್ತು ಹೈದರಾಬಾದು, ಪುಣೆ, ಬೆಂಗಳೂರು ಎಂದು ಚೆದುರಿ ಹೋಗಿದ್ದಾರೆ. ಇಲ್ಲೇ ಉಳಿದವರಲ್ಲಿ ಕೆಲವರು ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಕಾರಖಾನೆಗಳಿಗೆ ಪಾಳಿ ಮೇಲೆ ಹೋಗುತ್ತಾರೆ. ಕೆಲವರು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು, ಇನ್ನು ಕೆಲವರು ಸರ್ಕಾರಿ ಕಚೇರಿಗಳಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರುಗಳು. ಇವರಲ್ಲಿ ಯಾರ ಕೈಗೆ ಯಾವತ್ತು ಕಾಗದ ಬರುತ್ತದೆ ಎಂದು ಹೇಳಲಾಗದ ಕಾಲ ಇದು. ಒಮ್ಮೆ ಸೇರಿದರೆ ಸರ್ಕಾರಿ ನೌಕರಿಯಷ್ಟೇ ಗಟ್ಟಿ ಎಂದು ನಮ್ಮ ಕಡೆಯ ತಂದೆ-ತಾಯಿ ನಂಬಿದ್ದ ಟಿಸಿಎಸ್ ಕೂಡ 2025ರ ಜುಲೈ ಕೊನೆಗೆ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು.

ಆಗ ಎಲ್ಲರೂ ಹೋಗುವ ಇಬ್ಬರ ಲೆಕ್ಕ ಹಿಡಿದರು. ನೂರರಲ್ಲಿ ಉಳಿಯುವ 98 ಮಂದಿಯೂ ಮರುದಿನ ಅದೇ ಬಾಗಿಲಿನಿಂದ ಒಳಗೆ ಹೋಗಬೇಕು, ಖಾಲಿ ಕುರ್ಚಿಯ ಪಕ್ಕದಲ್ಲೇ ಕೂರಬೇಕು. ಕೆಲಸ ಕಳೆದುಕೊಂಡವರಿಗೆ ಧೈರ್ಯ ಹೇಳಲು ಬಹಳ ಜನ ಇದ್ದಾರೆ. ನಾನು ಇವತ್ತು ಮಾತಾಡಬೇಕೆಂದಿರುವುದು ಉಳಿದವರ ಸಂಗಡ.

ನಾನು ದುಡಿದದ್ದು ಕಾರಖಾನೆಯೊಂದರ ಟೈಂ ಆಫೀಸಿನಲ್ಲಿ. ಗೇಟಿನ ಪಕ್ಕದ ಸಣ್ಣ ಕೋಣೆ, ಗೋಡೆಗೆ ಗಡಿಯಾರದ ಯಂತ್ರ, ಅದರ ಎರಡೂ ಬದಿಗೆ ಹಾಜರಿ ಕಾರ್ಡು ಸಿಗಿಸುವ ತಗಡಿನ ಚೌಕಟ್ಟು. ಒಂದು ಖಾನೆಗೆ ಒಂದು ಕಾರ್ಡು, ಒಂದು ಕಾರ್ಡಿಗೆ ಒಬ್ಬ ಮನುಷ್ಯ. ಜನರನ್ನು ಕಡಿಮೆ ಮಾಡುವುದೆಂದು ಮೇಲಿನವರು ತೀರ್ಮಾನಿಸಿದಾಗ ಹಿಂದಿನ ರಾತ್ರಿಯೇ ಕಾರ್ಡು ತೆಗೆಸುತ್ತಿದ್ದರು. ಬೆಳಿಗ್ಗೆ ಪಾಳಿಗೆ ಬಂದವರು ನೋಟಿಸ್ ಬೋರ್ಡು ನೋಡುತ್ತಿರಲಿಲ್ಲ, ಕಣ್ಣು ನೇರವಾಗಿ ಚೌಕಟ್ಟಿಗೆ ಹೋಗುತ್ತಿತ್ತು. ಮೊದಲು ತನ್ನ ಖಾನೆ. ಕಾರ್ಡು ಇದೆ ಎಂದು ಕಂಡ ಕೂಡಲೇ ಮುಖದ ಮೇಲೆ ಜೀವ ಬಂದ ಕಳೆ. ಮರುಗಳಿಗೆಗೆ ಪಕ್ಕದ ಖಾನೆ ಖಾಲಿ ಕಾಣುತ್ತಿತ್ತು. ಆಗ ಆ ಮುಖದಲ್ಲಿ ಆಗುತ್ತಿದ್ದ ಬದಲಾವಣೆಯನ್ನು ಕಿಟಕಿಯೊಳಗಿಂದ ಬಹಳ ಸಲ ಕಂಡಿದ್ದೇನೆ. ಅದರಲ್ಲಿ ದುಃಖಕ್ಕಿಂತ ನಾಚಿಕೆ ಹೆಚ್ಚು. ಒಂದು ಕ್ಷಣ ಖುಷಿಪಟ್ಟೆನಲ್ಲ ಎಂಬ ನಾಚಿಕೆ.

ಈಗ ಕಾರ್ಡಿಲ್ಲ. ಹತ್ತು ನಿಮಿಷದ ವಿಡಿಯೊ ಕಾಲ್ ಇದೆ, ಲ್ಯಾಪ್‌ಟಾಪು ತಾನೇ ಬಂದ್ ಆಗುತ್ತದೆ, ವಾಟ್ಸ್‌ಆ್ಯಪ್ ಗುಂಪಿನಿಂದ ಒಂದು ಹೆಸರು ಹೊರಗೆ ಹೋಗುತ್ತದೆ. ಆದರೆ ಆ ನಾಚಿಕೆ ಹಾಗೇ ಇದೆ. ನೀವು ಮೊದಲು ತಿಳಿಯಬೇಕಾದದ್ದು ಇದನ್ನೇ: ಆ ಗಳಿಗೆಯ ಸಮಾಧಾನ ಪಾಪವಲ್ಲ. ಮನೆಯಲ್ಲಿ ಕೂಸಿದೆ, ತಂಗಿಯ ಲಗ್ನ ಇದೆ, ಮನೆ ಸಾಲದ ಕಂತಿದೆ. ಹೊಟ್ಟೆಪಾಡು ಉಳಿಯಿತು ಎಂದು ಯಾವ ಮನುಷ್ಯನಿಗಾದರೂ ಉಸಿರು ಹಗುರಾಗುತ್ತದೆ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಕಿಲ್ಲ. ಪಟ್ಟಿ ಬರೆದವರು ನೀವಲ್ಲ. ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಎಂಬ ನಿಯಮ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ನಡೆಯುವುದು ಹಾಗೇನಲ್ಲ. ಯಾವ ಪ್ರಾಜೆಕ್ಟು ನಿಂತಿತು, ಯಾರ ಪಗಾರ ದೊಡ್ಡದು, ಯಾವ ಯಂತ್ರ ಬಂತು ಎಂಬುದರ ಮೇಲೆ ಹೆಸರು ಬೀಳುತ್ತವೆ. ಒಳ್ಳೆಯ ಕೆಲಸಗಾರ ಹೋಗುತ್ತಾನೆ, ಸಾಧಾರಣದವನು ಉಳಿಯುತ್ತಾನೆ. ನೀವು ಉಳಿದದ್ದು ನಿಮ್ಮ ದೊಡ್ಡಸ್ತಿಕೆಯಿಂದಲ್ಲ, ಅವನು ಹೋದದ್ದು ಅವನ ತಪ್ಪಿನಿಂದಲ್ಲ. ಈ ಎರಡನ್ನೂ ಒಟ್ಟಿಗೆ ನಂಬಬೇಕು, ಒಂದನ್ನೇ ನಂಬಿದರೆ ಮನಸ್ಸು ಕೆಡುತ್ತದೆ.

ಕೆಡುವುದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ವಾರ ಕಳೆಯುವುದರೊಳಗೆ ಕ್ಯಾಂಟೀನಿನಲ್ಲಿ ಮಾತು ಶುರುವಾಗುತ್ತದೆ. ‘ಅವನೂ ತಡಾ ಮಾಡಿ ಬರ್ತಿದ್ದ ಬಿಡು’, ‘ಮ್ಯಾನೇಜರ್ ಸಂಗಟ ಬಾಯಿ ಮಾಡ್ತಿದ್ದ.’ ಹೀಗೆ ಆಡುವವರು ಕೆಟ್ಟವರೇನಲ್ಲ. ಹೋದವನಲ್ಲಿ ಒಂದು ಕಾರಣ ಸಿಕ್ಕಿದರೆ, ಆ ಕಾರಣ ನನ್ನಲ್ಲಿಲ್ಲ, ಹಾಗಾಗಿ ನನಗೇನೂ ಆಗುವುದಿಲ್ಲ ಎಂಬ ಭರವಸೆ ಸಿಗುತ್ತದೆ. ಹೆದರಿಕೆಯೇ ಹಾಗೆ ಮಾತಾಡಿಸುತ್ತದೆ. ಜೋಯಲ್ ಬ್ರಾಕ್ನರ್ ಎಂಬ ಅಮೆರಿಕದ ವಿದ್ವಾಂಸರು 1980ರ ದಶಕದಿಂದಲೂ ಕೆಲಸ ಉಳಿದವರ ಮನಸ್ಸನ್ನೇ ಅಭ್ಯಾಸ ಮಾಡಿದವರು. ಹೋದವರನ್ನು ಕಂಪನಿ ಹೇಗೆ ನಡೆಸಿಕೊಂಡಿತು ಎಂಬುದನ್ನು ಉಳಿದವರು ಕಣ್ಣಿಟ್ಟು ನೋಡಿರುತ್ತಾರೆ, ಅದು ನ್ಯಾಯವೋ ಅನ್ಯಾಯವೋ ಎಂಬುದರ ಮೇಲೆ, ಹೋದವರು ಅವರಿಗೆ ಎಷ್ಟು ಹತ್ತಿರದವರಾಗಿದ್ದರು ಎಂಬುದರ ಮೇಲೆ ಅವರ ಮನಸ್ಸು ಕೆಲಸದಲ್ಲಿ ನಿಲ್ಲುವುದೋ ಬಿಡುವುದೋ ತೀರ್ಮಾನವಾಗುತ್ತದೆ ಎಂಬುದು ಅವರ ಕಾಣ್ಕೆಯ ಸಾರ. ಅಂದರೆ ನಿಮಗೆ ಕೆಲಸದ ಮೇಲೆ ಮನಸ್ಸು ಹತ್ತದೆ ಇದ್ದರೆ ಅದು ಸೋಮಾರಿತನವಲ್ಲ. ಗೆಳೆಯನಿಗೆ ಆದದ್ದನ್ನು ನಿಮ್ಮ ಮನಸ್ಸು ಇನ್ನೂ ಒಪ್ಪಿಲ್ಲ, ಅಷ್ಟೆ.

ಹೋದವನ ಚಾಡಿ ಮಾತ್ರ ಹೇಳಬೇಡಿ. ಹೇಳುವವರ ನಡುವೆ ಕೂತಿದ್ದರೆ ‘ಅವ ಒಳ್ಳೆ ಕೆಲಸಗಾರ ಇದ್ದ’ ಎಂದು ಒಂದು ಮಾತು ಸೇರಿಸಿ ಎದ್ದು ಬನ್ನಿ. ಫ್ಯಾನಿನ ಕೆಳಗಿನ ಅವನ ಟೇಬಲನ್ನು ಮಾರನೇ ದಿನವೇ ಎಳೆದುಕೊಳ್ಳಬೇಡಿ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ನಮ್ಮ ಕಡೆ ಯಾರ ಮನೆಯಲ್ಲಾದರೂ ಸಾವಾದರೆ ಮಾತಾಡಿಸಿಕೊಂಡು ಬರಲು ಹೋಗುತ್ತೇವೆ. ಹೋಗಿ ದೊಡ್ಡ ಮಾತೇನೂ ಆಡುವುದಿಲ್ಲ. ಜಮಖಾನೆಯ ಮೇಲೆ ಕೂತು, ಹೆಂಗಾತು ಎಂದು ಕೇಳಿ, ಅವರು ಹೇಳಿದ್ದನ್ನು ಕೇಳಿ, ಎದ್ದು ಬರುತ್ತೇವೆ. ದೂರದ ಸಂಬಂಧವಿದ್ದರೂ ಬಸ್ಸು ಹಿಡಿದು ಹೋಗುತ್ತೇವೆ. ಹೋಗದಿದ್ದರೆ ಜೀವಮಾನವೆಲ್ಲ ಮಾತು ಉಳಿಯುತ್ತದೆ. ಮಳೆ ಕೈಕೊಟ್ಟು ಸೋಯಾ, ಉದ್ದು ಹಾಳಾದರೂ ಒಬ್ಬರಿಗೊಬ್ಬರು ಹೊಲದ ಬದುವಿನ ಮೇಲೆ ನಿಂತು ಮಾತಾಡುತ್ತೇವೆ. ನೌಕರಿ ಹೋದ ಮನೆಗೆ ಮಾತ್ರ ಯಾರೂ ಹೋಗುವುದಿಲ್ಲ. ಹೋದರೆ ಅವನಿಗೆ ನೋವಾದೀತು, ಏನು ಮಾತಾಡುವುದು, ನಮ್ಮನ್ನು ಕಂಡರೆ ಅವನಿಗೆ ಹೊಟ್ಟೆ ಉರಿದೀತು ಎಂದು ನೂರು ನೆಪ. ವಾರ ತಿಂಗಳಾಗುತ್ತದೆ, ತಿಂಗಳಾದ ಮೇಲೆ ಫೋನ್ ಮಾಡಲು ಇನ್ನಷ್ಟು ನಾಚಿಕೆ. ಆ ಕಡೆಯವನು ಏನು ತಿಳಿಯುತ್ತಾನೆ? ಕಂಪನಿ ಬಿಟ್ಟ ಮೇಲೆ ಗೆಳೆಯರೂ ಬಿಟ್ಟರು ಎಂದು ತಿಳಿಯುತ್ತಾನೆ. ಮೊದಲನೇ ಏಟು ಕಂಪನಿಯದು. ಎರಡನೆಯದು ನಮ್ಮ ಮೌನದ್ದು, ಮತ್ತು ಅದೇ ಆಳಕ್ಕೆ ಇಳಿಯುತ್ತದೆ.

ಆದ್ದರಿಂದ ಮೊದಲನೇ ವಾರದಲ್ಲೇ ಹೋಗಿ. ‘ಏನಾದ್ರೂ ಬೇಕಾದ್ರ ಹೇಳು’ ಎಂಬ ಮಾತು ಕೆಲಸಕ್ಕೆ ಬರುವುದಿಲ್ಲ, ಕೇಳುವ ಭಾರವನ್ನು ಅವನ ತಲೆಯ ಮೇಲೇ ಹೊರಿಸುತ್ತದೆ. ‘ಸಂಜಿಕ ರೂಮಿಗೆ ಬರ್ಲತ್ತೀನಿ, ಛಾ ಇಡು’ ಎಂದರೆ ಸಾಕು. ಹೋದ ಮೇಲೆ ಸುಮ್ಮನೆ ಕೇಳಿ. ಅವನು ಮ್ಯಾನೇಜರನನ್ನು ಬೈದರೆ ಬೈಯಲಿ, ನ್ಯಾಯ ಹೇಳಲು ಹೋಗಬೇಡಿ. ಆಫೀಸಿನ ಸುದ್ದಿ ಕೇಳಿದರೆ ಇದ್ದದ್ದು ಹೇಳಿ, ಮುಚ್ಚಿಡಬೇಡಿ. ನಿಮ್ಮ ಕಷ್ಟವನ್ನೂ ಸ್ವಲ್ಪ ಹೇಳಬಹುದು, ಆದರೆ ಇಬ್ಬರ ಕೆಲಸ ಒಬ್ಬನ ಮೇಲೆ ಬಿದ್ದಿದೆ ಎಂಬ ಗೋಳನ್ನು ಅವನ ಮುಂದೆ ಬಿಚ್ಚಬೇಡಿ. ‘ಆಗಿದ್ದೆಲ್ಲ ಒಳ್ಳೇದಕ್ಕೇ’ ಎಂದೂ ಅನ್ನಬೇಡಿ. ಆ ಮಾತನ್ನು ಅವನು ಐದು ವರ್ಷದ ಮೇಲೆ ತಾನಾಗಿ ಹೇಳಿದರೆ ಸರಿ, ಇವತ್ತು ನೀವು ಹೇಳಿದರೆ ಅದು ಗಾಯ.

ಇನ್ನೊಂದು ಮಾತು. ನಮ್ಮದು ಶರಣರ ನೆಲ, ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಕಾಯಕದ ಮಾತು ನಮಗೆ ನಾಲಿಗೆಯ ತುದಿಯಲ್ಲಿ. ಕೆಲಸ ಕಳೆದುಕೊಂಡವನ ಮುಂದೆ ಅದನ್ನು ಉಪದೇಶವಾಗಿ ಆಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದ, ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯುತ್ತಿದ್ದ. ನಾಳೆಯಿಂದ ನೀನು ಬೇಡ ಎಂದು ಅವರ ಕೈಗೆ ಕಾಗದ ಕೊಡುವ ಧಣಿ ಇರಲಿಲ್ಲ. ನೌಕರಿ ಹಾಗಲ್ಲ, ಅದರ ಹಗ್ಗ ಇನ್ನೊಬ್ಬರ ಕೈಯಲ್ಲಿದೆ. ಶರಣರಿಂದ ಇಲ್ಲಿ ತೆಗೆದುಕೊಳ್ಳಬೇಕಾದದ್ದು ದಾಸೋಹದ ಗುಣ: ಇದ್ದವನು ಇಲ್ಲದವನ ಹತ್ತಿರ ತಾನಾಗಿ ಹೋಗುವುದು, ಕೊಡುವಾಗ ತಗ್ಗುವುದು.

ಹೀಗೆ ಹತ್ತಿರ ಹೋಗುವುದು ಏಕೆ ಬೇಕು ಎಂಬುದಕ್ಕೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1930ರ ಹೊತ್ತಿಗೆ ಆಸ್ಟ್ರಿಯಾ ದೇಶದ ಮಾರಿಯೆಂಟಾಲ್ ಎಂಬ ಊರಿನ ನೂಲಿನ ಕಾರಖಾನೆ ಮುಚ್ಚಿತು. ಊರಿಗೆ ಊರೇ ಅದರ ಮೇಲೆ ನಿಂತಿತ್ತು. ಮೇರಿ ಯಹೋದಾ ಮತ್ತು ಅವರ ಜೊತೆಗಾರರು ಅಲ್ಲಿದ್ದು ಜನರ ದಿನಚರಿ ಬರೆದುಕೊಂಡು 1933ರಲ್ಲಿ ಒಂದು ಪುಸ್ತಕ ಮಾಡಿದರು. ಅದರಲ್ಲಿ ನನ್ನನ್ನು ಬಹಳ ಕಾಡಿದ್ದು ಎರಡು ಸಂಗತಿ. ಜನರಿಗೆ ಹೊತ್ತು ಬೇಕಾದಷ್ಟು ಇದ್ದರೂ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಅರ್ಧಕ್ಕೆ ಅರ್ಧ ಕಡಿಮೆಯಾಯಿತು. ಗಂಡಸರು ಬೀದಿಯಲ್ಲಿ ನಡೆಯುವ ವೇಗ ತಗ್ಗಿತು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಹೆಂಗಸರಿಗೆ ಮನೆಗೆಲಸ ಇತ್ತು, ಅವರ ನಡಿಗೆ ಅಷ್ಟು ನಿಧಾನವಾಗಲಿಲ್ಲ. ಪಗಾರದ ಜೊತೆಗೆ ದಿನದ ಚೌಕಟ್ಟೂ ಹೋಗುತ್ತದೆ, ಇಂಥ ಹೊತ್ತಿಗೆ ಇಂಥವರು ನನ್ನ ದಾರಿ ಕಾಯುತ್ತಾರೆ ಎಂಬ ಭಾವನೆಯೂ ಹೋಗುತ್ತದೆ.

ಪಗಾರ ನೀವು ಕೊಡಲಾರಿರಿ. ದಾರಿ ಕಾಯುವುದು ನಿಮ್ಮ ಕೈಯಲ್ಲಿದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾಷ್ಟಾಕ್ಕೆ ಇಬ್ಬರೂ ಕೂಡುವುದು ಎಂದು ಗೊತ್ತು ಮಾಡಿಕೊಂಡರೆ ಅದು ತಪ್ಪಬಾರದು. ಮೊದಲ ನಾಲ್ಕು ವಾರ ಓಡಾಡಿ ಆಮೇಲೆ ಮರೆಯುವವರೇ ಹೆಚ್ಚು. ಕಷ್ಟ ನಿಜವಾಗಿ ಶುರುವಾಗುವುದು ಮೂರನೇ ತಿಂಗಳಿಗೆ. ಉಳಿಸಿದ ದುಡ್ಡು ಕರಗಿರುತ್ತದೆ, ಸಂದರ್ಶನಕ್ಕೆ ಕರೆಯುವ ಫೋನು ನಿಂತಿರುತ್ತದೆ. ನಿಮ್ಮ ಭಾನುವಾರದ ಬೆಲೆ ಆಗ ತಿಳಿಯುತ್ತದೆ.

ಕಾಗದಪತ್ರದಲ್ಲೂ ಅವನ ಜೊತೆ ನಿಂತುಕೊಳ್ಳಿ, ಟೈಂ ಆಫೀಸಿನವನಾಗಿ ಇದನ್ನು ಒತ್ತಿ ಹೇಳುತ್ತೇನೆ. ಕೆಲಸದಿಂದ ತೆಗೆಯುವಾಗ ಎಷ್ಟೋ ಕಡೆ ನೀವೇ ರಾಜೀನಾಮೆ ಬರೆದುಕೊಡಿ, ನಿಮ್ಮ ಹೆಸರು ಕೆಡುವುದಿಲ್ಲ ಎನ್ನುತ್ತಾರೆ. ಆ ಗಳಿಗೆಯಲ್ಲಿ ಮನುಷ್ಯನ ತಲೆ ಓಡುವುದಿಲ್ಲ, ಸಹಿ ಹಾಕಿಬಿಡುತ್ತಾನೆ. ನೀವು ಹತ್ತಿರದಲ್ಲಿದ್ದರೆ ಒಂದು ದಿನ ತಡೆ, ಯಾರನ್ನಾದರೂ ಕೇಳು ಎಂದು ಹೇಳಿ. ಕಾರ್ಮಿಕ ಕಾಯ್ದೆಯ ವ್ಯಾಪ್ತಿಗೆ ಬರುವವರನ್ನು ಕಡಿತ ಮಾಡುವಾಗ ಕನಿಷ್ಠ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಪಗಾರ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಪರಿಹಾರ ಕೊಡಬೇಕು. ತಾನೇ ಬಿಟ್ಟೆ ಎಂದು ಬರೆದುಕೊಟ್ಟವನಿಗೆ ಈ ಪರಿಹಾರ ಕೇಳುವ ದಾರಿ ಕಷ್ಟವಾಗುತ್ತದೆ. 5 ವರ್ಷ ದುಡಿದವನಿಗೆ ಗ್ರಾಚ್ಯುಟಿ ಹಕ್ಕು. ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕ ಕಂಪನಿಯವರು ತುಂಬಿದ್ದಾರೋ ಇಲ್ಲವೋ ನೋಡಿ, ಅದೊಂದು ಖಾಲಿ ಇದ್ದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಇಎಸ್‌ಐ ಕಂತು ಕಟ್ಟಿದವರಿಗೆ 2018ರಲ್ಲಿ ಶುರುವಾದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ 90 ದಿನದವರೆಗೆ ಸರಾಸರಿ ಪಗಾರದ ಅರ್ಧ ಸಿಗುವ ಅವಕಾಶ ಮಾಡಿದ್ದಾರೆ. ಷರತ್ತುಗಳಿವೆ, ಇಎಸ್‌ಐ ಕಚೇರಿಗೆ ಅವನ ಸಂಗಡ ನೀವೂ ಹೋಗಿ ಕೇಳಿ. ಅವನು ಒಬ್ಬನೇ ಸಾಲಿನಲ್ಲಿ ನಿಂತಾಗ ಆಗುವ ಕುಗ್ಗುವಿಕೆ ನೀವು ಜೊತೆಗಿದ್ದರೆ ಅರ್ಧ ಇಳಿಯುತ್ತದೆ. ಹೀಗೆ ಕೈಯಾರೆ ನೆರವಾಗುತ್ತ ಹೋದರೆ ನಿಮ್ಮೊಳಗಿನ ಆ ನಾಚಿಕೆಯೂ ತಗ್ಗುತ್ತದೆ. ಅದಕ್ಕೆ ಬೇರೆ ಔಷಧ ನನಗೆ ಕಂಡಿಲ್ಲ.

ಇನ್ನು ಊರಿನ ಮಾತು. ನಮ್ಮಂಥ ಊರಲ್ಲಿ ಇದು ಎಲ್ಲಕ್ಕಿಂತ ನಾಜೂಕು. ಒಂದೇ ಊರಿನ ಇಬ್ಬರು ಹೈದರಾಬಾದಿನ ಒಂದೇ ಕಂಪನಿಯಲ್ಲಿರುತ್ತಾರೆ. ಒಬ್ಬನ ಕೆಲಸ ಹೋಗುತ್ತದೆ, ಮನೆಗೆ ಹೇಳಿರುವುದಿಲ್ಲ. ಇನ್ನೊಬ್ಬ ಹಬ್ಬಕ್ಕೆಂದು ಕಮಲನಗರ ಸ್ಟೇಷನ್ನಿನಲ್ಲಿ ರೈಲು ಇಳಿಯುತ್ತಾನೆ. ಸಂಜೆಗೆ ಗೆಳೆಯನ ತಾಯಿ ಬಾಗಿಲಿಗೆ ಬರುತ್ತಾಳೆ. ‘ಯಪ್ಪಾ, ನಮ್ಮ ಹುಡುಗ ಸರಿ ಮಾತಾಡಲತ್ತಿಲ್ಲ. ಹಬ್ಬಕ್ಕೂ ಬರಂಗಿಲ್ಲ ಅಂತಾನ. ನೀವಿಬ್ರೂ ಒಂದೇ ಕಡಿ ಇದ್ದೀರಿ, ಏನಾಗ್ಯದ ಅವಂಗ?’

ಏನು ಹೇಳುತ್ತೀರಿ? ಸುಳ್ಳು ಹೇಳಿದರೆ ನಾಳೆ ಆ ತಾಯಿಯ ಮುಖ ನೋಡಲಾಗದು. ನಿಜ ಹೇಳಿದರೆ ಅವನ ಗುಟ್ಟು ನೀವು ಒಡೆದ ಹಾಗೆ. ಅದಕ್ಕೇ ರೈಲು ಹತ್ತುವ ಮೊದಲೇ ಅವನನ್ನು ಕೇಳಬೇಕು: ಮನೆಯವರು ಕೇಳಿದರೆ ಏನು ಹೇಳಲಿ? ಈ ಒಂದು ಪ್ರಶ್ನೆಯಿಂದಲೇ ಎಷ್ಟೋ ಹುಡುಗರು ಮನೆಗೆ ತಾವೇ ಫೋನು ಮಾಡಿ ಹೇಳಿಬಿಡುತ್ತಾರೆ. ಹೇಳಲು ಇನ್ನೂ ಧೈರ್ಯ ಬಂದಿಲ್ಲ ಎಂದರೆ, ‘ಮಾವಶಿ, ಅವ ಆರಾಮ ಇದ್ದಾನ, ನಿನ್ನೆನೇ ಭೇಟಿ ಆಗೀನಿ. ಕಂಪನ್ಯಾಗ ಒಂದಿಷ್ಟು ಗಡಬಡ ನಡ್ದದ. ಅವನ ಬಾಯಿಂದಲೇ ಕೇಳ್ರಿ, ಬೈಬ್ಯಾಡ್ರಿ’ ಎಂದು ಹೇಳಬಹುದು. ಅದರಲ್ಲಿ ಸುಳ್ಳಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೇಳುವವರಿಗೆ ಅಷ್ಟೂ ಹೇಳಬೇಕಿಲ್ಲ, ಅದು ಅವರಿಗೆ ಸಂಬಂಧವಿಲ್ಲದ ಸಂಗತಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಜತನ ಬೇಕು. ನೌಕರಿ ಹೋಯಿತು ಎಂದರೆ ಸಾಕು, ಊರಿಗೆ ಬಾ, ಲಗ್ನ ಮಾಡಿಬಿಡುತ್ತೇವೆ ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ನಿಮ್ಮ ಬಾಯಿಂದ ಜಾರಿದ ಒಂದು ಮಾತು ಅವಳ ಬದುಕಿನ ದಾರಿಯನ್ನೇ ತಿರುಗಿಸಬಹುದು.

ನಮ್ಮ ಜಿಲ್ಲೆಗೆ ಕಾರಖಾನೆ ನಿಲ್ಲುವುದು ಹೊಸದಲ್ಲ. ಹಳ್ಳಿಖೇಡ (ಬಿ)ಯ ಬೀದರ ಸಹಕಾರ ಸಕ್ಕರೆ ಕಾರಖಾನೆ ನಿಂತು ವರ್ಷಗಳಾದವು, ಬಾಕಿ ಪಗಾರಕ್ಕಾಗಿ ಕಾರ್ಮಿಕರು ದನಿ ಎತ್ತಿದ್ದನ್ನು ಎಲ್ಲರೂ ಕಂಡಿದ್ದೇವೆ. ಅತ್ತ ಕೋಲಾರದ ಚಿನ್ನದ ಗಣಿಯನ್ನು 2001ರ ಫೆಬ್ರುವರಿ 28ರಂದು ಮುಚ್ಚಿದರು. ಇವತ್ತಿಗೂ ಆ ಪಟ್ಟಣದ ಸಾವಿರಾರು ಜನ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಅಲ್ಲೆಲ್ಲ ಎಲ್ಲರ ಕೆಲಸವೂ ಒಟ್ಟಿಗೆ ಹೋಯಿತು, ದುಃಖವನ್ನು ಹಂಚಿಕೊಳ್ಳಲು ಬಂತು, ಧರಣಿಗೆ ಒಟ್ಟಿಗೆ ಕೂರಲು ಬಂತು. ಇವತ್ತಿನದು ಬೇರೆ. ನೂರರಲ್ಲಿ ಇಬ್ಬರು, ಹತ್ತರಲ್ಲಿ ಒಬ್ಬ ಎಂದು ಆರಿಸಿ ತೆಗೆಯುತ್ತಾರೆ. ಹೋದವನು ಒಂಟಿ, ಉಳಿದವನು ಬಾಯಿ ಮುಚ್ಚಿಕೊಂಡವನು. ಹಾಗಾಗಿಯೇ ಉಳಿದವರ ಹೊಣೆ ಹೆಚ್ಚು.

ಪಟ್ಟಿಯಲ್ಲಿ ಹೆಸರೇ ಬರದವರನ್ನೂ ನೆನೆಯಿರಿ. ಒಂದು ಮಹಡಿ ಖಾಲಿಯಾದರೆ ಅಲ್ಲಿನ ಹೌಸ್‌ಕೀಪಿಂಗ್ ಅಕ್ಕ, ಗೇಟಿನ ವಾಚ್‌ಮನ್, ಕ್ಯಾಬಿನ ಡ್ರೈವರಣ್ಣ ಕೂಡ ಹೋಗುತ್ತಾರೆ. ಅವರಿಗೆ ನೋಟಿಸೂ ಇಲ್ಲ, ಬೀಳ್ಕೊಡುಗೆಯೂ ಇಲ್ಲ. ನಿಮ್ಮ ಊರಿನ ಅತಿಥಿ ಉಪನ್ಯಾಸಕರದೂ ಇದೇ ಪಾಡು, ಖಾಯಂ ಮೇಷ್ಟ್ರು ವರ್ಗವಾಗಿ ಬಂದ ದಿನ ಇವರು ಚೀಲ ಹೆಗಲಿಗೆ ಹಾಕಿಕೊಂಡು ಹೊರಡಬೇಕು. ಒಂದು ಫೋನು ಅವರಿಗೂ ಸಲ್ಲಬೇಕು.

ಕೊನೆಗೆ ನಿಮ್ಮ ಬಗ್ಗೆ. ನಾಳೆ ನನ್ನ ಸರದಿ ಎಂಬ ಹೆದರಿಕೆ ಎಲ್ಲರಿಗೂ ಬರುತ್ತದೆ. ಆ ಹೆದರಿಕೆಗೆ ರಾತ್ರಿ ಹನ್ನೊಂದರವರೆಗೆ ಕೂತು, ರಜೆ ಬಿಟ್ಟು, ಊಟ ಬಿಟ್ಟು ದುಡಿಯುವವರನ್ನು ಕಂಡಿದ್ದೇನೆ. ಹಾಗೆ ದುಡಿದವರ ಕಾರ್ಡನ್ನೂ ಚೌಕಟ್ಟಿನಿಂದ ತೆಗೆದದ್ದನ್ನು ಕಂಡಿದ್ದೇನೆ. ಕೆಲಸ ಚೆನ್ನಾಗಿ ಮಾಡಿ, ಹೊಸದು ಕಲಿಯಿರಿ, ಕೈಯಲ್ಲಿ ಕೆಲವು ತಿಂಗಳ ಖರ್ಚಿನಷ್ಟು ದುಡ್ಡು ಇಟ್ಟುಕೊಳ್ಳಿ, ಹೊಸ ಸಾಲ ತಲೆಗೆ ಹಾಕಿಕೊಳ್ಳಬೇಡಿ. ಅದಕ್ಕಿಂತ ಹೆಚ್ಚು ನಿಮ್ಮ ಕೈಯಲ್ಲಿಲ್ಲ. ಮಧ್ಯಾಹ್ನದ ಡಬ್ಬಿಗೆ ಮಾತ್ರ ಎಲ್ಲರೂ ಒಟ್ಟಿಗೆ ಕೂರುವುದನ್ನು ಬಿಡಬೇಡಿ. ಜನ ಕಡಿಮೆಯಾದ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಜಾಗದಲ್ಲೇ ಉಣ್ಣಲು ಶುರು ಮಾಡುತ್ತಾರೆ, ಅಲ್ಲಿಂದ ಮನಸ್ಸು ಮುದುಡುವುದು ಶುರು. ರೊಟ್ಟಿ, ಪುಂಡಿಪಲ್ಯ ಹಂಚಿಕೊಂಡು ಉಂಡವರು ಒಬ್ಬರಿಗೊಬ್ಬರು ಹೆದರಿಕೆಯನ್ನೂ ಹೇಳಿಕೊಳ್ಳುತ್ತಾರೆ.

ವಾರಗಟ್ಟಲೆ ನಿದ್ದೆ ಬರದಿದ್ದರೆ, ಬೆಳಿಗ್ಗೆ ಎದೆ ಬಡಿದುಕೊಂಡು ಎಚ್ಚರವಾದರೆ ಡಾಕ್ಟರ ಹತ್ತಿರ ಹೋಗಿ, ಅದರಲ್ಲಿ ಅವಮಾನವಿಲ್ಲ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರಿನಿಂದ ನಡೆದಿರುವ ಸರ್ಕಾರದ ಸೇವೆ ಇದು, ದುಡ್ಡು ಇಲ್ಲ, ಹಗಲು ರಾತ್ರಿ ಇದೆ. ಕೆಲಸ ಹೋದ ಗೆಳೆಯನ ಮಾತಿನಲ್ಲಿ ಬದುಕೇ ಬೇಡ ಎಂಬ ಸುಳಿವು ಸಿಕ್ಕರೆ ನಾಳೆ ನೋಡೋಣ ಎನ್ನಬೇಡಿ. ಆ ರಾತ್ರಿಯೇ ಅವನ ರೂಮಿಗೆ ಹೋಗಿ, ಅವನನ್ನು ಒಂಟಿ ಬಿಡಬೇಡಿ, ಆ ನಂಬರಿಗೆ ನೀವೇ ಫೋನ್ ಹಚ್ಚಿ ಅವನ ಕೈಗೆ ಕೊಡಿ, ಅವನ ಮನೆಯವರಿಗೆ ತಿಳಿಸಿ. ಅಂಥ ಹೊತ್ತಿನಲ್ಲಿ ಗುಟ್ಟು ಕಾಯುವ ಮಾತೇ ಇಲ್ಲ.

ಇಷ್ಟು ಓದಿದ ಮೇಲೆ ನಿಮಗೆ ಯಾರದಾದರೂ ಹೆಸರು ನೆನಪಾಗಿದ್ದರೆ, ತಡವಾಯಿತು ಎಂದು ಸುಮ್ಮನಾಗಬೇಡಿ. ಆರು ತಿಂಗಳ ಮೇಲೆ ಬಂದ ಫೋನನ್ನೂ ಕಷ್ಟದಲ್ಲಿದ್ದವರು ಸಿಟ್ಟಿಲ್ಲದೆ ಎತ್ತುತ್ತಾರೆ. ಇವತ್ತೇ ಮಾತಾಡಿ. ಬರುವ ಹಬ್ಬಕ್ಕೆ ಊರಿಗೆ ಹೊರಡುವಾಗ ಅವರ ಟಿಕೇಟನ್ನೂ ನೀವೇ ತೆಗೆಯಿರಿ.